ಬಿಬಿಸಿ ಮೈಕ್ರೋಗೆ ಪಿಸಿ ಫ್ಲಾಪಿ ಡ್ರೈವ್: ಡಿಸ್ಕ್ ಹಾಕುವ ಮುಂಚೆ ಲೈಟ್ ನೋಡಿ

ಹಳೇ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಪಿಸಿಯಿಂದ ಬಿಚ್ಚಿದ ಫ್ಲಾಪಿ ಡ್ರೈವ್ ಜೋಡಿಸಲು ಹೊರಟಿದ್ದೀರಾ? ಹಾಗಿದ್ದರೆ ಮೊದಲು ಈ ಒಂದು ಮಾತು ಕೇಳಿ. ಡ್ರೈವ್‌ನ ಲೈಟ್ ಸರಿಯಾದ ಹೊತ್ತಿಗೆ ಹತ್ತಿ, ಸರಿಯಾದ ಹೊತ್ತಿಗೆ ಆರುವ ತನಕ ಒಳಗೆ ಯಾವ ಡಿಸ್ಕನ್ನೂ ಹಾಕಬೇಡಿ. ಖಾಲಿ ಡಿಸ್ಕ್ ಆದರೂ ಬೇಡ, ಹಳೇ ಡಿಸ್ಕ್ ಅಂತೂ ಬೇಡವೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಕೆಲಸ ನನ್ನ ಕೈಗೆ ಬಂದದ್ದು ಬೆಳಗಾವಿಯ ಟಿಳಕವಾಡಿಯಲ್ಲಿರುವ ಒಬ್ಬ ನಿವೃತ್ತ ಗಣಿತದ ಮಾಸ್ತರ್ ಅವರಿಂದ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 'ಕ್ಲಾಸ್' ಅನ್ನುವ ಯೋಜನೆ ಶುರು ಮಾಡಿತಲ್ಲ, ಆಗ ಶಾಲೆಗಳಿಗೆ ಬಂದ ಯಂತ್ರ ಇದೇ ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರ ಕೊನೆಗೆ ಹೊರತಂದದ್ದು. 6502 ಪ್ರೊಸೆಸರ್, 2 ಮೆಗಾಹರ್ಟ್ಸ್, ಮಾಡೆಲ್ ಬಿ ಆದರೆ 32 ಕೆ ಮೆಮೊರಿ. ಶಾಲೆ ಹಳೇ ಸಾಮಾನು ಹರಾಜು ಹಾಕಿದಾಗ ಮಾಸ್ತರ್ ಕೈಯಿಂದ ದುಡ್ಡು ಕೊಟ್ಟು ಇದನ್ನು ಮನೆಗೆ ತಂದಿದ್ದರು. ಜೊತೆಗೆ ಐದೂಕಾಲು ಇಂಚಿನ ಹನ್ನೊಂದು ಡಿಸ್ಕ್. ಹುಡುಗರು ಬರೆದ ಪ್ರೋಗ್ರಾಮ್ ಅದರಲ್ಲಿವೆ. ಬೇರೆ ಎಲ್ಲೂ ಪ್ರತಿ ಇಲ್ಲ. ಡ್ರೈವ್ ಮಾತ್ರ ಸೋರುವ ಮಾಡಿನ ಕೆಳಗೆ ಇದ್ದು, ಬೋರ್ಡ್ ಪೂರ್ತಿ ತುಕ್ಕು ಹಿಡಿದಿತ್ತು. ಅದನ್ನು ಉಳಿಸಲು ಆಗಲಿಲ್ಲ.

"ತಮ್ಮಾ, ಇದರೊಳಗ ಏನೈತಿ ಅಂತ ಒಮ್ಮೆ ನೋಡಬೇಕಲ್ಲಾ" ಅಂದರು ಮಾಸ್ತರ್. ನೋಡೋಣ ಸರ ಅಂದೆ.

ಕರೆಂಟ್ ಕೊಡುವ ಮುಂಚೆ

ಇಂಥ ಯಂತ್ರವನ್ನು ಅಟ್ಟದಿಂದ ಇಳಿಸಿ ಸೀದಾ ಪ್ಲಗ್ ಹಾಕಬೇಡಿ. ಪವರ್ ಸಪ್ಲೈ ಒಳಗೆ ಮೇನ್ಸ್ ಕಡೆ ರಿಫಾ ಕಂಪನಿಯ ಕಾಗದದ ಕೆಪಾಸಿಟರ್‌ಗಳಿರುತ್ತವೆ. ಜೇನಿನ ಬಣ್ಣದ ಪಾರದರ್ಶಕ ಡಬ್ಬಿಯ ಹಾಗೆ ಕಾಣುತ್ತವೆ. ವಯಸ್ಸಾದಂತೆ ಮೇಲ್ಮೈ ಸೀಳಿ ಒಳಗೆ ತೇವ ಹೋಗುತ್ತದೆ. ಆಮೇಲೆ ಒಂದು ದಿನ ಮನೆ ತುಂಬ ಹೊಗೆ. ಮಾಸ್ತರ್ ಯಂತ್ರದಲ್ಲಿ ದೊಡ್ಡದರ ಮೇಲೆ ಕೂದಲೆಳೆಯಂಥ ಗೆರೆಗಳು ಕಂಡವು. ಎರಡನ್ನೂ ಮೇನ್ಸ್‌ಗೆಂದೇ ಮಾಡಿದ ಎಕ್ಸ್2 ದರ್ಜೆಯ ಹೊಸ ಕೆಪಾಸಿಟರ್‌ಗೆ ಬದಲಾಯಿಸಿದೆ. ಮೇನ್ಸ್ ಕೆಲಸ ಅಭ್ಯಾಸ ಇಲ್ಲದಿದ್ದರೆ ಇದನ್ನು ಗೊತ್ತಿದ್ದವರ ಕೈಲಿ ಮಾಡಿಸಿ.

ಆಮೇಲೆ ಡ್ರೈವ್‌ಗೆ ಹೋಗುವ ವೋಲ್ಟೇಜ್ ಅಳೆಯಿರಿ. ಮೂರೂವರೆ ಇಂಚಿನ ಡ್ರೈವ್‌ನ ಚಿಕ್ಕ ಪವರ್ ಕನೆಕ್ಟರ್‌ನಲ್ಲಿ ಕೆಂಪು ತಂತಿ 5 ವೋಲ್ಟ್, ಹಳದಿ 12 ವೋಲ್ಟ್, ನಡುವಿನ ಎರಡು ಕಪ್ಪು ಗ್ರೌಂಡ್. ಕೆಂಪು 4.75ರಿಂದ 5.25 ಒಳಗೆ ಇರಬೇಕು. ತಂತಿಯ ಬಣ್ಣ ನೋಡಿ ನಂಬಬೇಡಿ, ಮೀಟರ್ ಹಿಡಿದು ನೋಡಿ. ಹಿಂದೆ ಯಾರೋ ಕೈಯಿಂದ ಬೆಸುಗೆ ಹಾಕಿದ್ದರೆ ಬಣ್ಣ ಅದಲು ಬದಲಾಗಿರಬಹುದು. 5 ವೋಲ್ಟ್ ಜಾಗದಲ್ಲಿ 12 ಹೋದರೆ ಡ್ರೈವ್ ಅಲ್ಲಿಗೆ ಮುಗಿಯಿತು. ಆಮ್‌ಸ್ಟ್ರಾಡ್ ಕಂಪ್ಯೂಟರಿನ ಮೂರು ಇಂಚಿನ ಡ್ರೈವ್ ತೆಗೆದು ಮೂರೂವರೆ ಇಂಚಿನದು ಹಾಕುವವರಿಗೂ ಇದೇ ಎಚ್ಚರಿಕೆ. ಅದರಲ್ಲಿ 5 ಮತ್ತು 12ರ ಜಾಗ ಉಲ್ಟಾ ಇರುತ್ತದೆ.

ಲೈಟ್ ಆರುವುದೇ ಇಲ್ಲ

ಐದೂಕಾಲು ಇಂಚಿನ ಡ್ರೈವ್ ಕೂಡಲೇ ಸಿಗಲಿಲ್ಲ. ಹಾಗಾಗಿ ಮೊದಲು ಮೋಡ್ಕಾ (ಗುಜರಿ) ಅಂಗಡಿಯಿಂದ ತಂದ ಮೂರೂವರೆ ಇಂಚಿನ 1.44 ಎಂಬಿ ಡ್ರೈವ್ ಹಾಕಿ, ಕಂಪ್ಯೂಟರ್ ಕಡೆಯ ಸರ್ಕ್ಯೂಟ್ ಸರಿ ಇದೆಯೋ ಇಲ್ಲವೋ ನೋಡೋಣ ಅಂದುಕೊಂಡೆ. ನೀವೂ ಹೀಗೇ ಮಾಡಿ. ಅಗ್ಗದ ಡ್ರೈವ್ ಮೇಲೆ ಮೊದಲ ತಪ್ಪುಗಳು ಆಗಿ ಹೋಗಲಿ.

ಯಂತ್ರದ ಹೊಟ್ಟೆಯ ಕೆಳಗೆ 34 ಪಿನ್‌ನ ಸಾಕೆಟ್ ಇದೆ. ಎಫ್‌ಆರ್‌ಸಿ ಕೇಬಲ್ (ಚಪ್ಪಟೆ ಪಟ್ಟಿಯಂಥ ಕೇಬಲ್) ಚುಚ್ಚಿ ಸ್ವಿಚ್ ಹಾಕಿದೆ. ಡ್ರೈವ್‌ನ ಹಸಿರು ಲೈಟ್ ತಕ್ಷಣ ಹತ್ತಿತು. ಮೋಟಾರ್ ತಿರುಗುತ್ತಲೇ ಇತ್ತು. ಪಕ್ಕದಲ್ಲಿ ಕುಳಿತ ಹುಡುಗ, "ಲೈಟ ಆರವಲ್ದ್ರೀ ಸರ" ಅಂದ. ನಿಜ, ಬ್ರೇಕ್ ಕೀ ಒತ್ತಿದರೂ ಆರಲಿಲ್ಲ.

ಈ ಲಕ್ಷಣ ಕಂಡರೆ ಬೇರೆ ಏನೂ ಹುಡುಕಬೇಡಿ. ಕೇಬಲ್ ಒಂದು ತುದಿಯಲ್ಲಿ ಉಲ್ಟಾ ಕುಳಿತಿದೆ. 34 ಪಿನ್‌ಗಳಲ್ಲಿ ಬೆಸ ಸಂಖ್ಯೆಯವೆಲ್ಲ ಗ್ರೌಂಡ್, ಸಮ ಸಂಖ್ಯೆಯವು ಸಿಗ್ನಲ್. ಕನೆಕ್ಟರ್ ತಿರುವಿ ಹಾಕಿದರೆ ಡ್ರೈವ್‌ನ ಪ್ರತಿ ಸಿಗ್ನಲ್ ಪಿನ್ನೂ ಕಂಪ್ಯೂಟರಿನ ಒಂದು ಗ್ರೌಂಡ್ ಪಿನ್‌ಗೆ ಹೋಗಿ ಸೇರುತ್ತದೆ. ಫ್ಲಾಪಿ ಡ್ರೈವ್‌ನ ಸಿಗ್ನಲ್‌ಗಳು ಸೊನ್ನೆ ವೋಲ್ಟ್‌ಗೆ ಇಳಿದಾಗಲೇ ಕೆಲಸ ಮಾಡುವಂಥವು. ಅಂದರೆ ಡ್ರೈವ್‌ಗೆ 'ನಿನ್ನನ್ನೇ ಕರೀತಿದ್ದೇನೆ', 'ಮೋಟಾರ್ ತಿರುಗಿಸು', 'ಬರೆ' ಅನ್ನುವ ಆಜ್ಞೆಗಳೆಲ್ಲ ಒಟ್ಟಿಗೇ ಹೋಗುತ್ತವೆ.

ಆ ಕೊನೆಯದನ್ನು ಗಮನಿಸಿ. ಬರೆಯುವ ಸಿಗ್ನಲ್ 24ನೇ ಪಿನ್. ಅದೂ ಗ್ರೌಂಡ್ ಆಗಿರುತ್ತದೆ. ಆ ಹೊತ್ತಿಗೆ ಒಳಗೆ ಡಿಸ್ಕ್ ಇದ್ದರೆ ಹೆಡ್ (ಓದುವ, ಬರೆಯುವ ತುದಿ) ಕೆಳಗೆ ಇರುವ ಟ್ರ್ಯಾಕ್ (ಡಿಸ್ಕ್ ಮೇಲಿನ ಒಂದು ಸುತ್ತು) ಅಳಿಸಿ ಹೋಗುತ್ತದೆ. ಹೆಡ್ 0ನೇ ಟ್ರ್ಯಾಕ್ ಮೇಲೆ ನಿಂತಿದ್ದರೆ ಹೋಗುವುದು ಕ್ಯಾಟಲಾಗ್, ಅಂದರೆ ಇಡೀ ಡಿಸ್ಕಿನ ವಿಳಾಸಪಟ್ಟಿ. ಮೂವತ್ತು ನಲವತ್ತು ವರ್ಷ ಕಾದ ಡಿಸ್ಕ್ ಅರ್ಧ ಸೆಕೆಂಡಿನಲ್ಲಿ ಹಾಳಾಗುವ ದಾರಿ ಇದು. ಲೈಟ್ ನೋಡದೆ ಡಿಸ್ಕ್ ಹಾಕಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಕೇಬಲ್‌ನ ಕೆಂಪು ಅಂಚು 1ನೇ ಪಿನ್. ಎರಡೂ ಕಡೆ ಬೋರ್ಡ್ ಮೇಲೆ ಬರೆದ ನಂಬರ್ ಓದಿ ಹೊಂದಿಸಿ.

ಲೈಟ್ ಹತ್ತುವುದೇ ಇಲ್ಲ

ಕೇಬಲ್ ಸರಿ ಮಾಡಿದ ಮೇಲೆ ಲೈಟ್ ಆರಿತು. ಸ್ಟಾರ್ ಚಿಹ್ನೆ ಹಾಕಿ 'ಕ್ಯಾಟ್' ಅಂತ ಟೈಪ್ ಮಾಡಿದೆ, ಡಿಸ್ಕಿನ ಕ್ಯಾಟಲಾಗ್ ತೋರಿಸುವ ಕಮಾಂಡ್ ಅದು. ಏನೂ ಆಗಲಿಲ್ಲ. ಯಂತ್ರ ಸುಮ್ನೆ ನಿಂತುಬಿಟ್ಟಿತು. 8271 ಅನ್ನುವ ಡಿಸ್ಕ್ ಕಂಟ್ರೋಲರ್ ಚಿಪ್ ಇರುವ ಬಿಬಿಸಿ ಮೈಕ್ರೋ ಹೀಗೇ. ಡ್ರೈವ್ ಸಿದ್ಧ ಅಂತ ಉತ್ತರ ಬರುವ ತನಕ ಕಾಯುತ್ತಲೇ ಇರುತ್ತದೆ. ಗಾಬರಿ ಬೇಡ, ಬ್ರೇಕ್ ಒತ್ತಿ ಹೊರಗೆ ಬನ್ನಿ.

ಇಲ್ಲಿ ಡ್ರೈವ್ ಕೆಟ್ಟಿದೆ ಅಂತ ಎಸೆಯುವವರು ಬಹಳ ಜನ. ಡ್ರೈವ್ ಚೆನ್ನಾಗಿಯೇ ಇರುತ್ತದೆ. ಅದನ್ನು ಬೇರೆ ಹೆಸರಿನಿಂದ ಕರೀತಿದ್ದೀವಿ, ಅಷ್ಟೇ.

ಬಿಬಿಸಿ ಮೈಕ್ರೋ, ಅಮಿಗಾ, ಅಟಾರಿ ಎಸ್‌ಟಿ ಈ ಹಳೇ ಕಂಪ್ಯೂಟರ್‌ಗಳೆಲ್ಲ ಡ್ರೈವ್ ಜೋಡಿಸಲು ಶುಗಾರ್ಟ್ ಕಂಪನಿಯ ಪದ್ಧತಿ ಹಿಡಿದವು. ಅದರಲ್ಲಿ 10ನೇ ಪಿನ್ ಮೊದಲ ಡ್ರೈವ್ ಕರೆಯಲು, 12ನೇ ಪಿನ್ ಎರಡನೇ ಡ್ರೈವ್ ಕರೆಯಲು, 16ನೇ ಪಿನ್ ಮೋಟಾರಿಗೆ. ಐಬಿಎಂ ಪಿಸಿ ಬಂದಾಗ ಬೇರೆ ದಾರಿ ಹಿಡಿಯಿತು. ಪಿಸಿಯ ಎಲ್ಲ ಡ್ರೈವ್‌ಗಳನ್ನೂ ಎರಡನೇ ಡ್ರೈವ್ ಅಂತಲೇ, ಅಂದರೆ 12ನೇ ಪಿನ್‌ಗೆ ಓಗೊಡುವಂತೆ ಹೊಂದಿಸಿದರು. ಕೇಬಲ್‌ನಲ್ಲಿ 10ರಿಂದ 16ರವರೆಗಿನ ಏಳು ತಂತಿಗಳನ್ನು ತಿರುಚಿ, ತಿರುವಿನ ಆಚೆ ಇರುವುದು ಎ ಡ್ರೈವ್, ಈಚೆ ಇರುವುದು ಬಿ ಡ್ರೈವ್ ಅಂತ ಮಾಡಿದರು. ಆಮೇಲೆ ಬಂದ ಡ್ರೈವ್‌ಗಳಲ್ಲಿ ಡ್ರೈವ್ ನಂಬರ್ ಬದಲಿಸುವ ಜಂಪರ್ (ಎರಡು ಪಿನ್ ಜೋಡಿಸುವ ಸಣ್ಣ ತುಂಡು) ಕೂಡ ಬಹುತೇಕ ಇರುವುದಿಲ್ಲ.

ಈಗ ಲೆಕ್ಕ ಹಾಕಿ. ನೀವು ಪಿಸಿ ಕೇಬಲ್‌ನ ತಿರುಚಿದ ತುದಿಗೆ ಡ್ರೈವ್ ಹಾಕಿದರೆ, ಡ್ರೈವ್‌ನ 12ನೇ ಪಿನ್ ಕಂಪ್ಯೂಟರಿನ 14ಕ್ಕೆ ಹೋಗುತ್ತದೆ. ಬಿಬಿಸಿ ಮೈಕ್ರೋದಲ್ಲಿ 14ನೇ ಪಿನ್ ಖಾಲಿ. ಆ ಡ್ರೈವನ್ನು ಯಾರೂ ಎಂದೂ ಕರೆಯುವುದಿಲ್ಲ. ಲೈಟ್ ಹತ್ತುವುದಿಲ್ಲ.

ತಿರುವಿಲ್ಲದ ನೇರ ಕೇಬಲ್ ಹಾಕಿ 'ಕ್ಯಾಟ್ 1' ಅಂತ ಕೊಡಿ. ಲೈಟ್ ಹತ್ತಿತಾ? ಹಾಗಾದರೆ ಡ್ರೈವೂ ಸರಿ, ಕೇಬಲ್ಲೂ ಸರಿ, ಕಂಪ್ಯೂಟರೂ ಸರಿ. ಬಿಬಿಸಿ ಮೈಕ್ರೋ 0ಯಿಂದ ಎಣಿಸುತ್ತದೆ, ಹಾಗಾಗಿ ಎರಡನೇ ಡ್ರೈವ್ ಅಂದರೆ 1. ಅದು 1ನೇ ಡ್ರೈವ್ ಆಗಿ ಕುಳಿತಿದೆ ಅಷ್ಟೆ. ನನಗೆ ಇಲ್ಲಿ ಜೀವ ಬಂದ ಹಾಗಾಯಿತು.

ಅದೇ ಡ್ರೈವ್ 0 ಆಗಬೇಕಾದರೆ 10 ಮತ್ತು 12ನ್ನು ಅದಲು ಬದಲು ಮಾಡಬೇಕು. ಇದಕ್ಕೆ ಬೆಸುಗೆ ಬೇಡ. ಕೆಂಪು ಅಂಚಿನಿಂದ ಎಣಿಸಿ 10, 11, 12ನೇ ತಂತಿಗಳ ಎರಡೂ ಪಕ್ಕ ಬ್ಲೇಡಿನಿಂದ ಮೂರು ಇಂಚಿನಷ್ಟು ಉದ್ದ ಸೀಳಿ. ಆ ಮೂರು ತಂತಿಯ ಪಟ್ಟಿಯನ್ನು ಒಂದೇ ಸಲ ಮಗುಚಿ. 10 ಹೋಗಿ 12ರ ಜಾಗಕ್ಕೆ ಬಂತು, 12 ಬಂದು 10ರ ಜಾಗಕ್ಕೆ ಹೋಯಿತು, ನಡುವಿನ 11 ಗ್ರೌಂಡ್, ಅದು ಇದ್ದಲ್ಲೇ ಇದೆ. ಹಾಗೆ ಮಗುಚಿದ ಕಡೆ ಹೊಸ ಎಫ್‌ಆರ್‌ಸಿ ಕನೆಕ್ಟರ್ ಇಟ್ಟು ಒತ್ತಬೇಕು. ಪಕ್ಕಡದಲ್ಲಿ ಒತ್ತಿದರೆ ಒಂದು ಬದಿ ಮಾತ್ರ ಕೂತು ಇನ್ನೊಂದು ಬದಿ ಬಾಯಿ ಬಿಡುತ್ತದೆ. ನಾನು ಉದ್ಯಮಬಾಗದಲ್ಲಿ ಲೇತ್ ನಡೆಸುವ ಗೆಳೆಯನ ಹತ್ತಿರ ಹೋಗಿ, ಬೆಂಚ್ ವೈಸ್‌ನ ದವಡೆಗೆ ರಟ್ಟಿನ ತುಂಡು ಕೊಟ್ಟು ನಿಧಾನವಾಗಿ ಬಿಗಿದೆ. ಸಣ್ಣಗೆ ಚಟಚಟ ಅಂತ ಸದ್ದು ಬಂದು ಕನೆಕ್ಟರ್‌ನ ಎರಡೂ ಕಿವಿ ಒಟ್ಟಿಗೆ ಕೂತವು. ಆಮೇಲೆ ಮೀಟರ್ ಬೀಪ್‌ನಲ್ಲಿಟ್ಟು 34 ಪಿನ್ನನ್ನೂ ಒಂದೊಂದಾಗಿ ನೋಡಿ, ಪಕ್ಕದ ಪಿನ್‌ಗೆ ಶಾರ್ಟ್ ಇಲ್ಲ ಅಂತಲೂ ನೋಡಿ. ಹತ್ತು ನಿಮಿಷದ ಕೆಲಸ, ಹತ್ತು ದಿನದ ತಲೆನೋವು ಉಳಿಯುತ್ತದೆ.

34ನೇ ಪಿನ್ ಬಗ್ಗೆ ಒಂದು ಮಾತು. ಪಿಸಿ ಡ್ರೈವ್ ಅಲ್ಲಿ 'ಡಿಸ್ಕ್ ಬದಲಾಗಿದೆ' ಅನ್ನುತ್ತದೆ. ಅಮಿಗಾ ಅದೇ ಪಿನ್‌ನಲ್ಲಿ 'ಸಿದ್ಧ' ಅನ್ನುವ ಸಿಗ್ನಲ್ ಕಾಯುತ್ತದೆ, ಡಿಸ್ಕ್ ಬದಲಾವಣೆಯನ್ನು 2ನೇ ಪಿನ್‌ನಲ್ಲಿ ಕೇಳುತ್ತದೆ. ಹಾಗಾಗಿ ಅಮಿಗಾಕ್ಕೆ ಇಷ್ಟು ಸಾಲದು, ಡ್ರೈವ್ ಒಳಗೇ ಕೈ ಹಾಕಬೇಕು. ಬಿಬಿಸಿ ಮೈಕ್ರೋದಲ್ಲಿ 34 ಖಾಲಿ. ನಮಗೆ ಆ ಕಷ್ಟ ಇಲ್ಲ.

ಲೈಟ್ ಸರಿ, ಆದರೆ 'ಡಿಸ್ಕ್ ಫಾಲ್ಟ್ 18'

ಈಗ ಖಾಲಿ ಡಿಸ್ಕ್ ಹಾಕಬಹುದು. ಪರದೆ ಮೇಲೆ ಬರುವ ನಂಬರ್ ಬಹಳ ಉಪಯೋಗಕ್ಕೆ ಬರುತ್ತದೆ, ಬರೆದಿಟ್ಟುಕೊಳ್ಳಿ. 18 ಅಂದರೆ ಸೆಕ್ಟರ್ (ಟ್ರ್ಯಾಕ್‌ನ ಒಂದು ತುಂಡು) ಸಿಗಲಿಲ್ಲ. 0ಇ ಅಂದರೆ ಸೆಕ್ಟರ್ ಸಿಕ್ಕಿತು, ಒಳಗಿನ ಮಾಹಿತಿ ಲೆಕ್ಕಕ್ಕೆ ತಾಳೆ ಆಗಲಿಲ್ಲ. 0ಸಿ ಅಂದರೆ ಸೆಕ್ಟರಿನ ವಿಳಾಸವೇ ತಾಳೆ ಆಗಲಿಲ್ಲ. 14 ಅಂದರೆ ಹೆಡ್ 0ನೇ ಟ್ರ್ಯಾಕ್ ಮುಟ್ಟಲಿಲ್ಲ. ಇದಕ್ಕೆ ಸಾಮಾನ್ಯವಾಗಿ ಹೆಡ್ ಜಾರುವ ಸರಳಿನ ಮೇಲೆ ಗಟ್ಟಿಯಾದ ಗ್ರೀಸೋ, ಸೆನ್ಸರ್ ಮೇಲಿನ ಧೂಳೋ ಕಾರಣ.

ಪಿಸಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಹಾಕಿದರೆ 18 ಬಂದೇ ಬರುತ್ತದೆ. 8271 ಚಿಪ್‌ಗೆ ಹಳೆಯ ಸಿಂಗಲ್ ಡೆನ್ಸಿಟಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಒಂದು ಟ್ರ್ಯಾಕ್‌ಗೆ 10 ಸೆಕ್ಟರ್, ಒಂದೊಂದರಲ್ಲಿ 256 ಬೈಟ್. 40 ಟ್ರ್ಯಾಕ್ ಆದರೆ 100 ಕೆ, 80 ಆದರೆ 200 ಕೆ. ಹಾಗಾಗಿ ಡಿಸ್ಕನ್ನು ಇದೇ ಯಂತ್ರದಲ್ಲಿ ಫಾರ್ಮ್ಯಾಟ್ ಮಾಡಬೇಕು. ಆಮೇಲೆ ಬಂದ 1770 ಡಿಸ್ಕ್ ಚಿಪ್ ಜೊತೆಗಿನ ಹೊಸ ರೋಮ್‌ನಲ್ಲಿ (ಡಿಸ್ಕ್ ನಡೆಸುವ ಪ್ರೋಗ್ರಾಮ್ ಇರುವ ಚಿಪ್) ಅದಕ್ಕೆ ಕಮಾಂಡ್ ಇದೆ. ಹಳೆಯ 0.90 ಆವೃತ್ತಿಯ ರೋಮ್‌ನಲ್ಲಿ ಇಲ್ಲ, ಫಾರ್ಮ್ಯಾಟ್ ಮಾಡುವ ಪ್ರೋಗ್ರಾಮ್ ಬೇರೆ ಡಿಸ್ಕ್ ಮೇಲೆ ಬರುತ್ತಿತ್ತು. ಡಿಸ್ಕ್ ಓದಲು ಡಿಸ್ಕ್ ಬೇಕು ಅನ್ನುವ ಸ್ಥಿತಿ. ಕ್ಯಾಸೆಟ್ ಪೋರ್ಟ್ ಇದೆಯಲ್ಲ! ಮೊಬೈಲ್‌ನ ಇಯರ್‌ಫೋನ್ ಕಿಂಡಿಯಿಂದ ಶಬ್ದವಾಗಿ ಕಳಿಸಿ ಪ್ರೋಗ್ರಾಮ್ ಲೋಡ್ ಮಾಡಿಕೊಂಡೆ. ವಾಲ್ಯೂಮ್ ಜಾಸ್ತಿ ಇಡಿ, ಮೊಬೈಲ್‌ನ ಈಕ್ವಲೈಸರ್ ಬಂದ್ ಮಾಡಿ.

ಎಚ್‌ಡಿ (ಹೈ ಡೆನ್ಸಿಟಿ) ಡಿಸ್ಕ್ ಆದರೆ ಬರೆಯುವ ತಡೆಯ ತೂತಿನ ಎದುರು ಬದಿಯ ತೂತನ್ನು ಮುಚ್ಚಬೇಕು. ಇಲ್ಲದಿದ್ದರೆ ಡ್ರೈವ್ ಎಚ್‌ಡಿ ಮಟ್ಟಕ್ಕೆ ಹೋಗಿ ಕೂರುತ್ತದೆ. ಇದು ಪರೀಕ್ಷೆಗೆ ಸಾಕು. ಉಳಿಸಿ ಇಡಬೇಕಾದ್ದಕ್ಕೆ ನಿಜವಾದ ಡಿಡಿ (ಡಬಲ್ ಡೆನ್ಸಿಟಿ) ಡಿಸ್ಕೇ ಬೇಕು.

ಐದೂಕಾಲು ಇಂಚಿನ ಡ್ರೈವ್: ವೇಗ ನೋಡಿ

ಇಷ್ಟೆಲ್ಲ ಆದ ಮೇಲೆ ಐದೂಕಾಲು ಇಂಚಿನ ಡ್ರೈವ್ ಒಂದು ಸಿಕ್ಕಿತು. ಹಾಕಿದೆ, ಲೈಟ್ ಸರಿ, ಮೋಟಾರ್ ಸರಿ. ಮಾಸ್ತರ್ ಕೊಟ್ಟ ಹನ್ನೊಂದರ ಪೈಕಿ ಖಾಲಿ ಅಂತ ಅವರೇ ಹೇಳಿದ ಒಂದನ್ನು ಹಾಕಿ ಫಾರ್ಮ್ಯಾಟ್ ಮಾಡಲು ಹೋದರೆ ಮತ್ತೆ ಫಾಲ್ಟ್.

ನೋಡಲು ಎಲ್ಲವೂ ಒಂದೇ ಥರ, ಆದರೆ ಐದೂಕಾಲು ಇಂಚಿನ ಪಿಸಿ ಡ್ರೈವ್‌ನಲ್ಲಿ ಎರಡು ಜಾತಿ. 360 ಕೆ ಡ್ರೈವ್ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, 40 ಟ್ರ್ಯಾಕ್. 1.2 ಎಂಬಿ ಡ್ರೈವ್ 360 ಸುತ್ತು, 80 ಟ್ರ್ಯಾಕ್. ಬಿಬಿಸಿ ಮೈಕ್ರೋಗೆ 300 ಬೇಕು. 360ರಲ್ಲಿ ತಿರುಗಿದರೆ ಮಾಹಿತಿ ಐದನೇ ಒಂದು ಪಾಲು ಬೇಗ ಬರುತ್ತದೆ, ಚಿಪ್ ಹಿಡಿಯಲಾರದು. ಕೆಲವು 1.2 ಎಂಬಿ ಡ್ರೈವ್‌ಗಳನ್ನು ಜಂಪರ್‌ನಿಂದ 300ಕ್ಕೆ ಇಳಿಸಬಹುದು, ಎಲ್ಲವನ್ನೂ ಅಲ್ಲ. ಟೀಯಾಕ್ ಡ್ರೈವ್ ಆದರೆ ಹೆಸರು ಓದಿ: ಎಫ್‌ಡಿ-55ಬಿಆರ್ ಅಂದರೆ 360 ಕೆ, ಎಫ್‌ಡಿ-55ಜಿಎಫ್‌ಆರ್ ಅಂದರೆ 1.2 ಎಂಬಿ.

ಲೇಬಲ್ ಹರಿದು ಹೋಗಿದ್ದರೆ? ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಹಳೇ ಪಟ್ಟಿ ಚೋಕ್ ಇರುವ ಟ್ಯೂಬ್‌ಲೈಟ್ ಆಗಬೇಕು, ಎಲ್‌ಇಡಿ ಬೇಡ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 300 ಸುತ್ತು ಅಂದರೆ ಸೆಕೆಂಡಿಗೆ 5. ನೂರನ್ನು ಐದರಿಂದ ಭಾಗಿಸಿದರೆ 20. ಡ್ರೈವ್ ಕೆಳಗಿನ ಚಕ್ರದ ಮೇಲೆ ಸಮ ಅಂತರದಲ್ಲಿ 20 ಗೆರೆ ಇದ್ದರೆ, ಸರಿಯಾದ ವೇಗದಲ್ಲಿ ಆ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಕೆಲವು ಹಳೇ ಡ್ರೈವ್‌ಗಳಲ್ಲಿ ಇದನ್ನು ಅಚ್ಚು ಹಾಕಿಯೇ ಕೊಟ್ಟಿರುತ್ತಾರೆ, 50ಕ್ಕೆ ಒಂದು ಸಾಲು, 60ಕ್ಕೆ ಒಂದು ಸಾಲು. ನನ್ನದರಲ್ಲಿ ಇರಲಿಲ್ಲ. ಕಾಗದದ ಬಿಲ್ಲೆಗೆ 18 ಡಿಗ್ರಿಗೊಂದು ಗೆರೆ ಎಳೆದು ಅಂಟಿಸಿದೆ. ಮೋಟಾರ್ ತಿರುಗಿಸಿದರೆ ಗೆರೆಗಳು ಮುಂದಕ್ಕೆ ಓಡುತ್ತಲೇ ಇದ್ದವು. 1.2 ಎಂಬಿ ಡ್ರೈವ್, ಅನುಮಾನವೇ ಇಲ್ಲ.

ಎರಡು ವಾರದ ನಂತರ 360 ಕೆ ಡ್ರೈವ್ ಸಿಕ್ಕಿತು. ಅದೇ ಬಿಲ್ಲೆ ಅಂಟಿಸಿದೆ. ಇಪ್ಪತ್ತು ಗೆರೆಯೂ ಗೋಡೆಗೆ ಬರೆದ ಹಾಗೆ ನಿಂತವು. ಆ ನೋಟವನ್ನು ಕಣ್ಣಾರೆ ನೋಡಬೇಕು.

ಈ ಡ್ರೈವ್‌ನಲ್ಲಿ ನಂಬರ್ ಜಂಪರ್ ಇತ್ತು, 0ಗೆ ಇಟ್ಟೆ. ಮೂರೂವರೆ ಇಂಚಿನ ಪಿಸಿ ಡ್ರೈವ್ ಹೇಗೂ ತಾನಾಗಿಯೇ 1. ಎರಡನ್ನೂ ಒಂದೇ ನೇರ ಕೇಬಲ್‌ಗೆ ಹಾಕಿದರೆ ಸಾಕು, ಮೂರು ತಂತಿಯ ತಿರುವೂ ಬೇಕಾಗಿಲ್ಲ. ಐದೂಕಾಲು ಇಂಚಿನದನ್ನು ಕೇಬಲ್‌ನ ಕೊನೆಗೆ ಇಟ್ಟು, ಅದರ 150 ಓಮ್ ಟರ್ಮಿನೇಟರ್ ಪ್ಯಾಕ್ (ಕೇಬಲ್ ಕೊನೆಗೆ ಬೇಕಾದ ರೆಸಿಸ್ಟರ್‌ಗಳ ಕಟ್ಟು) ಹಾಗೇ ಬಿಡಿ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವ ಜೋಡಣೆ ಇದೇ.

ಬೂಷ್ಟು ಹಿಡಿದ ಡಿಸ್ಕ್

ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ. ಜೂನ್‌ನಿಂದ ಮೂರು ತಿಂಗಳು ಗೋಡೆಯೂ ಒದ್ದೆ. ಡಿಸ್ಕ್‌ನ ಕಿಂಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿ. ಬಿಳಿ ಚುಕ್ಕೆ, ಜೇಡರ ಬಲೆಯಂಥ ಎಳೆ ಕಂಡರೆ ಡ್ರೈವ್‌ಗೆ ಹಾಕಬೇಡಿ. ಬೂಷ್ಟು ಹೆಡ್‌ಗೆ ಮೆತ್ತಿಕೊಂಡು ಆ ಡಿಸ್ಕನ್ನೂ ಗೀರುತ್ತದೆ, ಮುಂದಿನ ಡಿಸ್ಕನ್ನೂ ಗೀರುತ್ತದೆ. ಹನ್ನೊಂದರಲ್ಲಿ ನಾಲ್ಕಕ್ಕೆ ಬೂಷ್ಟು ಇತ್ತು. ಹೊದಿಕೆಯ ಮೇಲಂಚು ಬಿಡಿಸಿ ಒಳಗಿನ ಹಾಳೆ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿದೆ. ಮೊದಲು ನಡುವಿನ ಅಂಚಿನಲ್ಲಿ ಒರೆಸಿ, ಬಟ್ಟೆಗೆ ಕಂದು ಬಣ್ಣ ಇಳಿಯುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಒಣಗಿದ ಮೇಲೆ ಬೇರೆ ಶುದ್ಧ ಹೊದಿಕೆಗೆ ಹಾಕಿ.

ಹೆಡ್ ಒರೆಸುವಾಗ ಮೇಲಿನ ಹೆಡ್ಡನ್ನು ಜಾಸ್ತಿ ಎತ್ತಬೇಡಿ. ಅದು ಕೂತಿರುವ ತಗಡು ಬಾಗಿದರೆ ಮತ್ತೆ ಸರಿಹೋಗುವುದಿಲ್ಲ.

ಓದುವ ಮುಂಚೆ ಪ್ರತಿ ಡಿಸ್ಕ್‌ನ ಬದಿಯ ಕಚ್ಚಿಗೆ ಕಪ್ಪು ಸ್ಟಿಕ್ಕರ್ ಅಂಟಿಸಿ. ಐದೂಕಾಲು ಇಂಚಿನಲ್ಲಿ ಕಚ್ಚು ಮುಚ್ಚಿದರೆ ಬರೆಯಲು ಬರುವುದಿಲ್ಲ. ಮೂರೂವರೆಯಲ್ಲಿ ಇದು ಉಲ್ಟಾ, ತೂತು ತೆರೆದಿದ್ದರೆ ತಡೆ.

ಆಮೇಲೆ 'ಕಾಪಿ 0 1 *.*' ಕೊಟ್ಟು ಎಲ್ಲ ಫೈಲುಗಳನ್ನೂ ಹೊಸ ಡಿಸ್ಕ್‌ಗೆ ಇಳಿಸಿದೆ. ಒಂದು ಹಳೇ ಡಿಸ್ಕ್‌ಗೆ ಒಂದು ಹೊಸ ಡಿಸ್ಕ್, ಯಾಕೆಂದರೆ ಈ ಪದ್ಧತಿಯಲ್ಲಿ ಒಂದು ಬದಿಗೆ 31 ಫೈಲ್ ಮಾತ್ರ ಹಿಡಿಯುತ್ತವೆ. ಖಾಲಿ ಒಂದನ್ನು ಬಿಟ್ಟರೆ ಹತ್ತು. ಎಂಟು ಪೂರ್ತಿ ಬಂದವು. ಎರಡರಲ್ಲಿ ಒಂದೊಂದು ಕಡೆ 0ಇ ಬಂದು ನಿಲ್ಲುತ್ತಿದೆ. ಮೂರು ಸಲಕ್ಕಿಂತ ಹೆಚ್ಚು ಪ್ರಯತ್ನಿಸಲಿಲ್ಲ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇನ್ನೊಂದು 360 ಕೆ ಡ್ರೈವ್ ಸಿಕ್ಕಾಗ ಅದರ ಹೆಡ್‌ನಲ್ಲಿ ನೋಡುತ್ತೇನೆ.

ಮೊದಲ ಡಿಸ್ಕ್‌ನ ಪಟ್ಟಿ ಪರದೆ ಮೇಲೆ ಬಂದಾಗ ಮಾಸ್ತರ್ ಕುರ್ಚಿ ಮುಂದೆ ಎಳೆದುಕೊಂಡರು. ಫೈಲ್ ಹೆಸರಿಗೆ ಏಳೇ ಇಂಗ್ಲಿಷ್ ಅಕ್ಷರ. ಹುಡುಗರು ತಮ್ಮ ತಮ್ಮ ಹೆಸರಲ್ಲೇ ಉಳಿಸಿದ್ದರು, ಹಾಗಾಗಿ ಹೆಸರುಗಳೆಲ್ಲ ಅರ್ಧಕ್ಕೆ ನಿಂತಿದ್ದವು. ನಾನು 'ಬಸವರ' ಅಂತ ಓದಿದೆ. "ಬಸವರಾಜ" ಅಂದರು. 'ಮಲ್ಲಿಕಾ' ಅಂದೆ. "ಮಲ್ಲಿಕಾ ಅಲ್ಲ ತಮ್ಮಾ, ಮಲ್ಲಿಕಾರ್ಜುನ. ಕಡೇ ಬೆಂಚಿನಾಗ ಕೂಡ್ತಿದ್ದ. ಮುಂದಿಂದು ಓದು."